ಗಾಲಿಯೊಳಗಿನ ಕೂದಲೆಳೆಯಷ್ಟು ಸಡಿಲ

ನೆಲಮಂಗಲದಲ್ಲಿ ಎರಡು ದೊಡ್ಡ ಹೆದ್ದಾರಿಗಳು ಬೇರೆಯಾಗುತ್ತವೆ. ಒಂದು ತುಮಕೂರಿನ ಕಡೆಗೆ, ಇನ್ನೊಂದು ಹಾಸನ ದಾಟಿ ಮಂಗಳೂರಿನ ಕಡೆಗೆ. ಹಳಬರ ಬಾಯಲ್ಲಿ ಇವು ಇಂದಿಗೂ 4 ಮತ್ತು 48. ಸರ್ಕಾರದ ಹೊಸ ಲೆಕ್ಕದಲ್ಲಿ 48 ಮತ್ತು 75. ಹಗಲಿರುಳೂ ಲಾರಿ ಓಡುವ ಇಂತಹ ಕವಲಿನಲ್ಲಿ ಗ್ಯಾರೇಜುಗಳು ಹುಟ್ಟಿಕೊಂಡಿದ್ದು ಸಹಜ. ಅಲ್ಲಿ ನಡೆಯುವ ನೂರೆಂಟು ಕೆಲಸಗಳಲ್ಲಿ ಒಂದು ನೋಡುವುದಕ್ಕೆ ಬಹಳ ಚಿಕ್ಕದು: ಹಿಂದಿನ ಗಾಲಿಯ ಬೇರಿಂಗ್ ಸರಿಪಡಿಸುವುದು. ಒಂದು ನಟ್ಟನ್ನು ಎಷ್ಟು ಬಿಗಿಯಬೇಕು ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಆದರೆ ಬಸ್ಸಿನಲ್ಲಿ ಕುಳಿತವರ ಪ್ರಾಣ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿರುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಲಾರಿಯ ಗಾಲಿ ಒಂದು ಸುತ್ತು ಸುತ್ತಿದರೆ ವಾಹನ ಸುಮಾರು 3 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 1,000 ಮೀಟರ್. ಅಂದರೆ ಗಾಲಿ ನಿಮಿಷಕ್ಕೆ 330ಕ್ಕೂ ಹೆಚ್ಚು ಬಾರಿ ತಿರುಗಬೇಕು. ನೆಲಮಂಗಲದಿಂದ ಹೊರಟ ಲಾರಿ ಮಂಗಳೂರು ಮುಟ್ಟುವಷ್ಟರಲ್ಲಿ ಪ್ರತಿಯೊಂದು ಗಾಲಿಯೂ ಲಕ್ಷಕ್ಕೂ ಹೆಚ್ಚು ಸುತ್ತು ಹಾಕಿರುತ್ತದೆ, ಅದೂ ಟನ್ನುಗಟ್ಟಲೆ ಭಾರ ಹೊತ್ತುಕೊಂಡು. ಇಷ್ಟಾದರೂ ಗಾಲಿ ಸುಟ್ಟುಹೋಗುವುದಿಲ್ಲ ಏಕೆ?

ಎತ್ತಿನಗಾಡಿ ನೋಡಿದ ಹಿರಿಯರಿಗೆ ಈ ಪ್ರಶ್ನೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ದೊಡ್ಡಬಳ್ಳಾಪುರದ ಸುತ್ತಲಿನ ರೈತರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿತ್ತು. ಮರದ ಗಾಲಿಯ ಗುಂಬ ಕಬ್ಬಿಣದ ಅಚ್ಚಿನ ಮೇಲೆ ಉಜ್ಜಿಕೊಂಡೇ ತಿರುಗಬೇಕಾಗಿತ್ತು. ಎಣ್ಣೆ ಬತ್ತಿದರೆ ಗಾಲಿ ಕಿರುಗುಟ್ಟುತ್ತಿತ್ತು, ಎತ್ತು ಬಳಲುತ್ತಿತ್ತು. ಗಾಲಿ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಕಡಾಣಿ ಹಾಕುತ್ತಿದ್ದರು. ಅಚ್ಚು, ಎಣ್ಣೆ, ಕಡಾಣಿ - ಈ ಮೂರೂ ಇಂದಿನ ಲಾರಿಯಲ್ಲೂ ಇವೆ, ಹೆಸರು ಮಾತ್ರ ಬೇರೆ. ಹೊಸದಾಗಿ ಸೇರಿರುವುದು ಬೇರಿಂಗ್.

ಉಜ್ಜುವುದಕ್ಕಿಂತ ಉರುಳುವುದು ಸುಲಭ. ಭಾರವಾದ ದಿಮ್ಮಿಯನ್ನು ಎಳೆಯುವುದು ಕಷ್ಟ, ಅದರ ಕೆಳಗೆ ದುಂಡನೆಯ ಗಳುಗಳನ್ನಿಟ್ಟರೆ ನೂಕುವುದು ಸಲೀಸು. ಬೇರಿಂಗಿನ ತತ್ವ ಇಷ್ಟೇ. ಆದರೆ ಗಾಲಿಯ ಮೇಲೆ ಬೀಳುವುದು ಮೇಲಿನ ಭಾರ ಒಂದೇ ಅಲ್ಲ. ತಿರುವಿನಲ್ಲಿ ವಾಹನ ಪಕ್ಕಕ್ಕೂ ನೂಕುತ್ತದೆ. ಎರಡನ್ನೂ ತಾಳಿಕೊಳ್ಳಲು, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗಿರುವ ಉಕ್ಕಿನ ರೋಲರುಗಳನ್ನು ಓರೆಯಾಗಿ ಜೋಡಿಸಿದ ಬೇರಿಂಗಿಗೆ 1898ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆಯಲಾಯಿತು. ಪಡೆದವರಲ್ಲಿ ಒಬ್ಬನಾದ ಹೆನ್ರಿ ಟಿಮ್ಕೆನ್ ಮೂಲತಃ ಸಾರೋಟು ತಯಾರಿಸುವವನು. ಕುದುರೆ ಗಾಡಿಯ ಕಸುಬಿನವನಿಂದ ಬಂದ ವಸ್ತು ಮೋಟಾರು ಯುಗವನ್ನೇ ಹೊತ್ತು ನಡೆಸಿತು.

ಲಾರಿ, ಬಸ್ಸುಗಳ ಹಿಂದಿನ ಗಾಲಿಯ ಹಬ್ಬಿನೊಳಗೆ ಇಂತಹ ಎರಡು ಟೇಪರ್ ಬೇರಿಂಗುಗಳು ಎದುರುಬದುರಾಗಿ ಕೂರುತ್ತವೆ. ವಾಹನದ ಭಾರವನ್ನೆಲ್ಲ ಹೊರುವುದು ಇವೇ. ನಡುವೆ ಹಾಯ್ದುಹೋಗುವ ಆಕ್ಸಲ್ ಶಾಫ್ಟ್ ಗಾಲಿಯನ್ನು ತಿರುಗಿಸುತ್ತದೆ, ಭಾರ ಹೊರುವುದಿಲ್ಲ. ಹೊರಗಿನಿಂದ ಒಂದು ದೊಡ್ಡ ನಟ್ ಈ ಬೇರಿಂಗುಗಳನ್ನು ಹಿಡಿದಿರುತ್ತದೆ.

ಕಷ್ಟವಿರುವುದು ಈ ನಟ್ಟಿನಲ್ಲಿ. ತೀರ ಬಿಗಿದರೆ ರೋಲರುಗಳು ಒತ್ತಡದಲ್ಲಿ ತಿರುಗಿ ಬಿಸಿಯೇರುತ್ತವೆ, ಗ್ರೀಸ್ ಕರಗಿ ಹರಿಯುತ್ತದೆ, ಉಕ್ಕು ನೀಲಿಗಟ್ಟುತ್ತದೆ, ಕೊನೆಗೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ತೀರ ಸಡಿಲಬಿಟ್ಟರೆ ಗಾಲಿ ಅಲ್ಲಾಡಿ ರೋಲರುಗಳು ಜಜ್ಜಿಹೋಗುತ್ತವೆ, ಆಯಿಲ್ ಸೀಲ್ ಹರಿದು ಎಣ್ಣೆ ಬ್ರೇಕಿಗೆ ಇಳಿಯುತ್ತದೆ. ನಟ್ ಪೂರ್ತಿ ಕಳಚಿದರೆ ಹಬ್, ಗಾಲಿ, ಶಾಫ್ಟ್ ಮೂರೂ ಒಟ್ಟಿಗೆ ಹೊರಗೆ ಬರುತ್ತವೆ. ಕ್ವಿಂಟಲ್ ಮೀರಿದ ತೂಕದ ಜೋಡಿ ಗಾಲಿ ಹೆದ್ದಾರಿಯಲ್ಲಿ ತಾನಾಗಿ ಉರುಳಿದರೆ ಏನಾದೀತೆಂದು ವಿವರಿಸಬೇಕಿಲ್ಲ.

ಹಾಗಾದರೆ ಎಷ್ಟು ಸಡಿಲ ಬೇಕು? ಭಾರಿ ವಾಹನಗಳಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಳತೆ ಇಂಚಿನ ಸಾವಿರದಲ್ಲಿ 1ರಿಂದ 5 ಭಾಗ, ಅಂದರೆ 0.025ರಿಂದ 0.125 ಮಿಲಿಮೀಟರ್. ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅಷ್ಟು ಜಾಗದ ಆಚೆ ಈಚೆ ಎಲ್ಲವೂ ತೀರ್ಮಾನವಾಗುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನೂ ಹಾಕಬಹುದು. 100 ಮಿಲಿಮೀಟರ್ ಉದ್ದದ ಉಕ್ಕು 50 ಡಿಗ್ರಿ ಬಿಸಿಯೇರಿದರೆ ಸುಮಾರು 0.06 ಮಿಲಿಮೀಟರ್ ಬೆಳೆಯುತ್ತದೆ. ಓಡುವ ವಾಹನದ ಹಬ್, ರೋಲರ್, ಅಚ್ಚು ಒಂದೇ ಸಮನೆ ಬಿಸಿಯಾಗುವುದಿಲ್ಲ. ತಣ್ಣಗಿರುವಾಗಲೇ ಸ್ವಲ್ಪ ಜಾಗ ಬಿಡಬೇಕೆನ್ನುವುದು ಇದಕ್ಕೇ.

ನುರಿತ ಮೆಕ್ಯಾನಿಕ್ ಕೆಲಸ ಮಾಡುವ ಕ್ರಮ ನೋಡಿ. ಸಮತಟ್ಟಾದ ನೆಲ, ಉಳಿದ ಗಾಲಿಗಳಿಗೆ ಅಡ್ಡಗಟ್ಟೆ. ಜಾಕಿಯನ್ನಷ್ಟೇ ನಂಬದೆ ಅಚ್ಚಿನ ಕೆಳಗೆ ಗಟ್ಟಿ ಸ್ಟ್ಯಾಂಡು. ಹಬ್ ಬಿಚ್ಚಿ, ಬೇರಿಂಗುಗಳನ್ನು ತೊಳೆದು ಒಣಗಿಸಿ, ರೋಲರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಗುಳಿ, ತುಕ್ಕು, ನೀಲಿ ಕಲೆ ಇವೆಯೇ ಎಂದು ಹುಡುಕುತ್ತಾನೆ. ಅಂಗೈಯಲ್ಲಿ ಗ್ರೀಸ್ ತೆಗೆದುಕೊಂಡು ರೋಲರುಗಳ ನಡುವೆ ಒತ್ತಿ ತುಂಬುತ್ತಾನೆ. ಹಳೆಯ ಸೀಲ್ ಎಸೆದು ಹೊಸದನ್ನು ಹಾಕುತ್ತಾನೆ. ಆಮೇಲೆ ಹಬ್ಬನ್ನು ತಿರುಗಿಸುತ್ತಲೇ ನಟ್ ಬಿಗಿಯುತ್ತಾನೆ. ತಿರುಗಿಸದಿದ್ದರೆ ರೋಲರುಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ನಂತರ ಆ ವಾಹನದ ಕೈಪಿಡಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು, ಲಾಕ್ ವಾಷರ್ ಮತ್ತು ಎರಡನೆಯ ನಟ್ ಹಾಕಿ ಭದ್ರಪಡಿಸುತ್ತಾನೆ. ಕಡಾಣಿಯ ಕೆಲಸ ಈಗ ಇವುಗಳದು. ಕೊನೆಗೆ ಡಯಲ್ ಗೇಜ್ ಇಟ್ಟು ಅಳೆಯುತ್ತಾನೆ. ಅಳತೆ ತಪ್ಪಿದ್ದರೆ ಮತ್ತೆ ಮೊದಲಿನಿಂದ.

ಓಡುವ ವಾಹನಕ್ಕಿಂತ ನಿಂತ ವಾಹನದ ಬೇರಿಂಗ್ ಸುರಕ್ಷಿತ ಎಂದು ಭಾವಿಸುವವರಿದ್ದಾರೆ. ಅದು ತಪ್ಪು. ಹಳೆಯ ಮೋಟಾರ್ ಹೋಮ್, ಅಂದರೆ ಲಾರಿ ಅಥವಾ ವ್ಯಾನಿನ ಚಾಸಿಯ ಮೇಲೆ ಅಡುಗೆಮನೆ, ಹಾಸಿಗೆಗಳನ್ನು ಕಟ್ಟಿದ ಚಲಿಸುವ ಮನೆಗಳನ್ನು ಸಾಕಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಗ್ರೀಸ್ ಗಟ್ಟಿಯಾಗುತ್ತದೆ, ಒಳಸೇರಿದ ತೇವ ರೋಲರಿನ ಒಂದೇ ಜಾಗವನ್ನು ತಿನ್ನುತ್ತದೆ. ಮೋಟಾರ್ ಹೋಮ್ ನಮ್ಮಲ್ಲಿ ಅಪರೂಪ. ಶಾಲಾ ಬಸ್ ಅಪರೂಪವಲ್ಲ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರಿನಲ್ಲಿ. ಅಷ್ಟು ದಿನ ನಿಂತ ಬಸ್ಸುಗಳೆಷ್ಟೋ! ಪ್ರತಿ ವರ್ಷ ಬೇಸಿಗೆ ರಜೆಯಲ್ಲೂ ಅವು ನಿಲ್ಲುತ್ತವೆ. ಶಾಲೆಯ ಸಭೆಗೆ ಹೋದ ಪೋಷಕರು ಶುಲ್ಕ, ಅಂಕಗಳ ಜೊತೆಗೆ "ಬಸ್ಸಿನ ಹಬ್ ಗ್ರೀಸಿಂಗ್ ಯಾವಾಗ ಆಯಿತು, ದಾಖಲೆ ಇದೆಯೇ?" ಎಂದೂ ಕೇಳಬೇಕು. ಗಾಲಿಯಿಂದ ಗುರುಗುಟ್ಟುವ ಸದ್ದು ಬಂದರೆ, ಬಸ್ ನಿಂತಾಗ ಸುಟ್ಟ ವಾಸನೆ ಬಂದರೆ ಮಕ್ಕಳೂ ಚಾಲಕನಿಗೆ ತಿಳಿಸಬೇಕು.

ಇನ್ನು ಈ ಕಸುಬನ್ನು ಕಲಿಯುವ ಮಾತು. "ಓದು ಹತ್ತದವನು ಗ್ಯಾರೇಜಿಗೆ" ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಒಂದು ಹಾಳೆಯ ದಪ್ಪದ ಅಳತೆಯನ್ನು ಹಿಡಿಯುವ, ಉಕ್ಕಿನ ಬಣ್ಣ ನೋಡಿ ಅದು ಕಂಡ ಬಿಸಿಯನ್ನು ಹೇಳುವ ಕೆಲಸಕ್ಕೆ ಓದು ಬೇಡವೆನ್ನುವುದು ಹೇಗೆ? ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಗಳಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್, ಒಂದು ವರ್ಷದ ಮೆಕ್ಯಾನಿಕ್ ಡೀಸೆಲ್ ತರಬೇತಿಗಳಿವೆ. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಮಕ್ಕಳನ್ನೇ ಗಮನದಲ್ಲಿಟ್ಟುಕೊಂಡದ್ದು. ಹೊಸಕೋಟೆಯಲ್ಲಿ ವೋಲ್ವೊ ಲಾರಿ ತಯಾರಾಗತೊಡಗಿದ್ದು 1998ರಲ್ಲಿ. ಕಸುಬು ಕಲಿತವರಿಗೆ ಕೆಲಸ ಜಿಲ್ಲೆಯ ಬಾಗಿಲಲ್ಲೇ ಇದೆ.

ಮಗ ಅಥವಾ ಮಗಳು ಸೈಕಲ್ ಬಿಚ್ಚಿ ಹರಡಿಕೊಂಡು ಕುಳಿತರೆ ಗದರಬೇಡಿ. ಅದರ ಗಾಲಿಯಲ್ಲೂ ಉಕ್ಕಿನ ಗುಂಡುಗಳಿವೆ, ಬಿಗಿಯುವ ಕೋನ್ ಇದೆ. ಗಾಲಿ ಅಲ್ಲಾಡದೆ ಸಲೀಸಾಗಿ ತಿರುಗುವ ಬಿಂದುವನ್ನು ಮಗು ತಾನೇ ಹುಡುಕಲಿ. ಸಿಕ್ಕ ಮೇಲೆ, ನಟ್ ಭದ್ರವಾಗಿದೆಯೇ ಎಂದು ಇನ್ನೊಮ್ಮೆ ನೋಡಲು ಮಾತ್ರ ಮರೆಯದೆ ಹೇಳಿ.