ಗೆರೆ ಯಾರಿಗಾಗಿ ಮೂಡಬೇಕು?

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಬಂದಾಗಿನಿಂದ ಒಂಬತ್ತು ಚುಕ್ಕಿಯ ಪ್ಯಾಟರ್ನ್ ಲಾಕ್ ನಮ್ಮ ಜೊತೆಗಿದೆ. ಕನಿಷ್ಠ ನಾಲ್ಕು ಚುಕ್ಕಿ ಮುಟ್ಟಬೇಕು, ಮುಟ್ಟಿದ್ದನ್ನು ಮತ್ತೆ ಎಣಿಕೆಗೆ ಹಿಡಿಯುವಂತಿಲ್ಲ, ನಡುವೆ ಸಿಗುವ ಚುಕ್ಕಿಯನ್ನು ಬಿಟ್ಟು ಹಾರುವಂತಿಲ್ಲ. ಇಷ್ಟರೊಳಗೆ 3,89,112 ಪ್ಯಾಟರ್ನ್ ಸಾಧ್ಯ. ನಾಲ್ಕಂಕಿಯ ಪಿನ್‌ನಲ್ಲಿ ಇರುವುದು 10,000 ಮಾತ್ರ. ಹಾಗಾಗಿ ಲೆಕ್ಕದಲ್ಲಿ ಪ್ಯಾಟರ್ನೇ ಗಟ್ಟಿ.

ಬಳಕೆಯಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ನಾಲ್ಕೇ ಚುಕ್ಕಿಗೆ ನಿಲ್ಲಿಸಿದರೆ ಉಳಿಯುವುದು 1,624. ನಾರ್ವೆಯ ಮಾರ್ಟೆ ಲೋಗೆ ಎಂಬ ವಿದ್ಯಾರ್ಥಿನಿ ಸುಮಾರು 4,000 ಪ್ಯಾಟರ್ನ್ ಕಲೆಹಾಕಿ 2015ರಲ್ಲಿ ಕಂಡದ್ದೇನೆಂದರೆ, ಶೇ. 44ರಷ್ಟು ಶುರುವಾಗಿದ್ದು ಎಡಗಡೆಯ ಮೇಲಿನ ಮೂಲೆಯಿಂದ. ಹತ್ತರಲ್ಲೊಂದಕ್ಕಿಂತ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳ ಆಕಾರದವು.

ಆದರೂ ಊಹೆಗಿಂತ ದೊಡ್ಡ ಅಪಾಯ ನೋಟದ್ದು. ಸಿಟಿ ಬಸ್ಸಿನಲ್ಲಿ ನಿಂತವರಿಗೆ ಕೂತವರ ಫೋನು ಪೂರ್ತಿ ಕಾಣುತ್ತದೆ. ಮೊನ್ನೆ ಮುಂದಿನ ಸೀಟಿನಲ್ಲಿದ್ದ ಹೆಂಗಸಿನ ಬೆರಳು ಮೇಲಿನ ಮೂಲೆಯಿಂದ ಕೆಳಗಿಳಿದು ಬಲಕ್ಕೆ ತಿರುಗಿತು. ಅದರ ಹಿಂದೆಯೇ ದಪ್ಪ ಬಿಳಿ ಗೆರೆ ಮೂಡಿತು. ಇಂಗ್ಲಿಷಿನ 'ಎಲ್'. ನೋಡಬೇಕೆಂದು ನೋಡಿದ್ದಲ್ಲ, ಮರೆಯೋಣವೆಂದರೂ ಆಗುತ್ತಿಲ್ಲ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಬೆರಳಿನ ದಾರಿಯನ್ನು ಬೆಳಕಿನಲ್ಲಿ ಬರೆದು ತೋರಿಸುತ್ತಿರುವುದು ಫೋನು.

ಆ ಗೆರೆಯ ಬೆಲೆ ಎಷ್ಟೆಂದು ಅಮೆರಿಕದ ನೌಕಾ ಅಕಾಡೆಮಿಯ ಸಂಶೋಧಕರು 2017ರಲ್ಲಿ ಅಳೆದರು. ಆರು ಚುಕ್ಕಿಯ ಪ್ಯಾಟರ್ನನ್ನು ವಿಡಿಯೊದಲ್ಲಿ ಒಮ್ಮೆ ನೋಡಿದವರಲ್ಲಿ ಸುಮಾರು ಶೇ. 64 ಮಂದಿ ಅದನ್ನು ಹಾಗೆಯೇ ಹೇಳಿದರು. ಗೆರೆ ಕಾಣದಂತೆ ಮಾಡಿದಾಗ ಅದು ಸುಮಾರು 35ಕ್ಕೆ ಇಳಿಯಿತು. ಆರಂಕಿಯ ಪಿನ್ ಹೇಳಬಲ್ಲವರು 11ರ ಆಸುಪಾಸು. ಗೆರೆಯೊಂದನ್ನು ಅಳಿಸಿದರೆ ಅಪಾಯ ಅರ್ಧಕ್ಕೆ ಹತ್ತಿರ ತಗ್ಗುತ್ತದೆ! ಇಷ್ಟು ಅಗ್ಗದ ರಕ್ಷಣೆ ಬೇರೆಲ್ಲಿ ಸಿಕ್ಕೀತು?

ಗೆರೆ ಮುಚ್ಚಿದ ಮಾತ್ರಕ್ಕೆ ಎಲ್ಲವೂ ಮುಗಿಯದು, ನಿಜ. ಸ್ಕ್ರೀನ್ ಆರಿಸಿ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿ, ಗಾಜಿನ ಮೇಲೆ ಬೆರಳಿನ ಜಿಡ್ಡು ಅದೇ ದಾರಿಯನ್ನು ಹೇಳುತ್ತಿರಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2010ರಲ್ಲೇ ಇದನ್ನು ತೋರಿಸಿದ್ದರು. ಒರೆಸಿಕೊಳ್ಳುವ ಅಭ್ಯಾಸ ಒಳ್ಳೆಯದು.

ಗೆರೆಯನ್ನು ಮರೆಮಾಡುವ ಆಯ್ಕೆ ಆಂಡ್ರಾಯ್ಡ್‌ನಲ್ಲಿ ಇದ್ದೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಲಾಕ್‌ನ ಒಳಗೆ 'ಮೇಕ್ ಪ್ಯಾಟರ್ನ್ ವಿಸಿಬಲ್' ಎಂದು ಹುಡುಕಿ ಆಫ್ ಮಾಡಬೇಕು. ಆದರೆ ಎಷ್ಟು ಜನ ಅಷ್ಟು ಒಳಗೆ ಹೋಗುತ್ತಾರೆ? ಇಂದು ಆ ಗೆರೆಯ ಹಿಂದಿರುವುದು ಬರೀ ಫೋಟೊಗಳಲ್ಲ. ಯುಪಿಐ ಪಿನ್ ಬೇರೆಯೇ ಇದ್ದರೂ, ಬ್ಯಾಂಕಿನ ಓಟಿಪಿ ಬಂದು ಬೀಳುವುದು ಅಲ್ಲಿಗೇ.

ಪ್ಯಾಟರ್ನ್ ಬಿಟ್ಟು ಪಿನ್ ಹಾಕಿ ಎಂದು ಬುದ್ಧಿ ಹೇಳುವುದು ಸುಲಭ. ಅಂಕಿ ನೆನಪಿಡಲು ತಡವರಿಸುವ ಅಜ್ಜಿಗೆ, ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೂ ಹೆಬ್ಬೆರಳು ಹತ್ತದಷ್ಟು ಕೈ ಸವೆದ ಕೂಲಿಕಾರರಿಗೆ ಈ ಒಂಬತ್ತು ಚುಕ್ಕಿಯೇ ಆಸರೆ. ಅದನ್ನು ಅವರಿಂದ ಕಸಿಯುವುದು ಬೇಡ. ಫೋನು ಡಬ್ಬಿಯಿಂದ ಹೊರಬರುವಾಗಲೇ ಗೆರೆ ಆಫ್ ಆಗಿರಲಿ, ಕನಿಷ್ಠ ಮಿತಿ ನಾಲ್ಕರಿಂದ ಆರು ಚುಕ್ಕಿಗೆ ಏರಲಿ. ಕಣ್ಣು ಮಂಜಾಗಿ ಗೆರೆ ಬೇಕೇ ಬೇಕೆನ್ನುವವರಿಗೆ ಮನೆಯ ಮಕ್ಕಳು ಆನ್ ಮಾಡಿಕೊಟ್ಟಾರು.