ಏಳು ದಿನದ ನೆರವು, ಬದುಕಿಡೀ ಉಳಿಯುವ ಗಾಯ

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವನು ಆಸ್ಪತ್ರೆಯಿಂದ ಹಾವೇರಿ ಜಿಲ್ಲೆಯ ಹಂಸಭಾವಿಗೋ ಚಿಕ್ಕೇರೂರಿಗೋ ಮರಳಿದ ದಿನ ಓಣಿಯವರು ಆಡುವ ಮಾತು ಒಂದೇ: 'ಜೀವ ಉಳೀತಲ್ಲ, ಅಷ್ಟ ಸಾಕು.' ಆರು ತಿಂಗಳು ಕಳೆಯಲಿ, ಅದೇ ಮನೆಯ ಹೆಂಗಸರು ದನಿ ತಗ್ಗಿಸಿ ಹೇಳುತ್ತಾರೆ: 'ಅಂವ ಮೊದಲಿನಂಗ ಇಲ್ರಿ.' ಮೊದಲ ಮಾತಿಗೆ ನಮ್ಮ ಸರ್ಕಾರಗಳ ಬಳಿ ಯೋಜನೆಗಳಿವೆ. ಎರಡನೆಯದನ್ನು ಕೇಳಿಸಿಕೊಳ್ಳುವವರೇ ಇಲ್ಲ.

ಜೀವ ಉಳಿಸಲು ನಡೆದ ಕೆಲಸ ಸಣ್ಣದಲ್ಲ. 2016ರಲ್ಲಿ ನೆಲಮಂಗಲದ ಬಳಿ ಅಪಘಾತಕ್ಕೀಡಾಗಿ, ಪ್ರಾಣ ಹೋಗುವ ಹೊತ್ತಿನಲ್ಲೂ ಅಂಗದಾನದ ಮಾತಾಡಿದ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಸಾಂತ್ವನ ಯೋಜನೆ ತಂದಿತು. ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನೆರವಿದೆ. ಎಂಟನೆಯ ದಿನ ಏನು?

ಎಂಟನೆಯ ದಿನದಿಂದ ಆರೈಕೆಯ ಭಾರ ತಾಯಿಯದು, ಹೆಂಡತಿಯದು. ಹಣೆಯ ಹಿಂದಿನ ಮಿದುಳಿಗೆ ಪೆಟ್ಟು ಬಿದ್ದವನು ಎದ್ದು ನಡೆಯುತ್ತಾನೆ, ಉಣ್ಣುತ್ತಾನೆ, ಕರೆದರೆ ಓಗೊಡುತ್ತಾನೆ. ಆದರೆ ಗೋವಿನಜೋಳದ ಹೊಲಕ್ಕೆ ನೀರು ಬಿಟ್ಟು ಮರೆತು ಬರುತ್ತಾನೆ. ಸಣ್ಣ ಮಾತಿಗೆ ಕೈ ಎತ್ತುತ್ತಾನೆ. ಇಲ್ಲವೇ ದಿನವಿಡೀ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾನೆ. ಅದು ಸೋಮಾರಿತನವಲ್ಲ, ದುರುಳತನವಲ್ಲ; ಕೆಲಸಕ್ಕೆ ಕೈಹಚ್ಚುವ, ಸಿಟ್ಟನ್ನು ತಡೆಯುವ ಶಕ್ತಿಗೇ ಬಿದ್ದ ಪೆಟ್ಟು. ಅವನನ್ನು ಕಾಯಲು ಕೂಲಿ ಬಿಟ್ಟು ಮನೆಯಲ್ಲಿ ಕೂತವಳ ನಷ್ಟ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಪ್ರಮಾಣಪತ್ರದ ಗೋಳು ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಪೆಟ್ಟಿನಿಂದಾದ ಮಿದುಳಿನ ಹಾನಿಗೆ ಅಲ್ಲಿ ಸ್ವಂತ ಹೆಸರಿಲ್ಲ. ಕೈಕಾಲು ಅಳೆದರೆ ವೈಕಲ್ಯ ಸವಲತ್ತಿಗೆ ಬೇಕಾದ ಶೇ 40 ಮುಟ್ಟುವುದಿಲ್ಲ, ಏಕೆಂದರೆ ಅವನು ನಡೆಯುತ್ತಾನೆ. ಮಾನಸಿಕ ಕಾಯಿಲೆ ಎಂದು ಬರೆಸೋಣವೆಂದರೆ ಊರು 'ಹುಚ್ಚ' ಎನ್ನುತ್ತದೆಂಬ ಅಂಜಿಕೆ. ಅದೇ ಕಾಯ್ದೆಯ 27ನೇ ಕಲಂ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತದೆ, ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ' ಎಂಬ ಬಾಗಿಲನ್ನೂ ತೆರೆದಿಡುತ್ತದೆ. ಹೊಣೆ ಆ ಬಾಗಿಲಿನಿಂದಲೇ ಜಾರಿಹೋಗುತ್ತದೆ.

ನ್ಯಾಯಾಲಯಕ್ಕೆ ತಿಳಿದದ್ದು ಆಡಳಿತಕ್ಕೆ ತಿಳಿಯಬಾರದೇಕೆ? ಹನ್ನೆರಡನೆಯ ವಯಸ್ಸಿನಲ್ಲಿ ಅಪಘಾತದಿಂದ ಮಿದುಳಿಗೆ ತೀವ್ರ ಹಾನಿಯಾಗಿದ್ದ ಹುಡುಗಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಇಬ್ಬರು ಆರೈಕೆದಾರರಿಗೆ ತಿಂಗಳಿಗೆ ತಲಾ 5,000 ರೂಪಾಯಿ ಹಿಡಿದು, 18ರ ಗುಣಕದಿಂದ ಗುಣಿಸಿ, ಆರೈಕೆಗೆಂದೇ 21.6 ಲಕ್ಷ ರೂಪಾಯಿ ಕೊಡಿಸಿತು. ಈ ಗಾಯದ ಲೆಕ್ಕ ದಿನಗಳದ್ದಲ್ಲ, ಬದುಕಿನದು ಎಂಬ ಒಪ್ಪಿಗೆ ಅದು. ಆದರೆ ವಿಮೆಯಿಲ್ಲದ ಸ್ವಂತ ಬೈಕು ಜಾರಿ ಬಿದ್ದವನಿಗೆ, ತೆಂಗಿನ ಮರದಿಂದ ಬಿದ್ದವನಿಗೆ ಪರಿಹಾರ ಕೊಡುವವರು ಯಾರು? ದುಡ್ಡು ಬಂದರೂ ಅವನನ್ನು ಕರೆದೊಯ್ಯುವುದು ಎಲ್ಲಿಗೆ? ನಿಮ್ಹಾನ್ಸ್ ಇರುವುದು ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ.

'ಮನೆಯಷ್ಟು ಒಳ್ಳೆಯ ಜಾಗ ಇನ್ನೆಲ್ಲಿದೆ?' ಎನ್ನುವವರಿದ್ದಾರೆ. ಮನೆ ಪ್ರೀತಿ ಕೊಡುತ್ತದೆ, ನಿಜ. ಚೀಟಿ ನೋಡಿ ಕೆಲಸ ನೆನಪಿಟ್ಟುಕೊಳ್ಳುವುದನ್ನು, ಸಿಟ್ಟು ಏರುವ ಮುನ್ನ ಎದ್ದು ಹೊರಗೆ ಹೋಗುವುದನ್ನು ತಿಂಗಳುಗಟ್ಟಲೆ ಕಲಿಸುವ ತರಬೇತಿ ಮನೆಗಿಲ್ಲ. ಮಗನ ಹೊಡೆತ ತಿಂದ ತಾಯಿಯಿಂದ ಅದನ್ನು ನಿರೀಕ್ಷಿಸುವುದು ಕ್ರೌರ್ಯ.

'ಎರಡು ವರ್ಷ ದಾಟಿದರೆ ಮಿದುಳು ಸುಧಾರಿಸದು' ಎಂಬುದು ಇನ್ನೊಂದು ವಾದ. ಆದರೆ ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ ಈಮ್ಸ್ ಮತ್ತು ವುಡ್ ಎಂಬ ತಜ್ಞರು ಯಾರಿಗೂ ಬೇಡವಾದ, ತೀವ್ರ ವರ್ತನೆಯ ತೊಂದರೆಯ ರೋಗಿಗಳನ್ನು ವಸತಿ ಘಟಕದಲ್ಲಿಟ್ಟು ತರಬೇತಿ ಕೊಟ್ಟು ಸುಧಾರಿಸಿದರು. 1985ರಲ್ಲಿ ಪ್ರಕಟವಾದ ಅವರ ಅಧ್ಯಯನ, ಘಟಕ ಬಿಟ್ಟ ಮೇಲೂ ಆ ಸುಧಾರಣೆ ಉಳಿಯಬಲ್ಲದೆಂದು ತೋರಿಸಿತು. ಬೇಗ ಸೇರಿದವರಿಗೆ ಲಾಭ ಹೆಚ್ಚು, ತಡವಾಗಿ ಸೇರಿದವರಿಗೂ ಲಾಭವುಂಟು ಎಂಬುದನ್ನು ನಂತರದ ಅಧ್ಯಯನಗಳು ಕಂಡವು. ಮಿದುಳಿನ ಗಾಯ ಮಾಯದಿದ್ದರೂ ಬದುಕುವ ರೀತಿಯನ್ನು ಮತ್ತೆ ಕಲಿಯಬಹುದು.

ಕೂಡಿಹಾಕುವ ಕೊಟ್ಟಿಗೆಯನ್ನು ನಾನು ಕೇಳುತ್ತಿಲ್ಲ. ಬೀಗ ಹಾಕಿ, ಮಾತ್ರೆ ನುಂಗಿಸಿ ಮಲಗಿಸುವ ಜಾಗಕ್ಕೆ 'ಪುನರ್ವಸತಿ' ಎಂಬ ಫಲಕ ಹಾಕುವುದು ಮೋಸ. ಕೇಳುತ್ತಿರುವುದು ಹೋಗಿ, ಕಲಿತು, ಮರಳಿ ಬರುವ ಜಾಗವನ್ನು. ಧಾರವಾಡದ ಡಿಮ್ಹಾನ್ಸ್‌ನ ಹೆಸರಿನಲ್ಲೇ ಮಾನಸಿಕ ಆರೋಗ್ಯವೂ ನರವಿಜ್ಞಾನವೂ ಜೊತೆಗಿವೆ. ಈ ಗಾಯವೂ ಆ ಎರಡರ ನಡುವಿನದೇ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಿಗೆಂದು ಅಲ್ಲೊಂದು ವಸತಿ ಘಟಕ ಬರಲಿ. ಮನೆಗೆ ಮರಳಿದವರನ್ನು ಒಂದನೆಯ, ಐದನೆಯ, ಹತ್ತನೆಯ ವರ್ಷ ಹುಡುಕಿಕೊಂಡು ಹೋಗಿ ನೋಡುವ ವ್ಯವಸ್ಥೆ ಅದಕ್ಕಿರಲಿ. ಆತ ದುಡಿಯುತ್ತಿದ್ದಾನೆಯೇ, ಹೆಂಡತಿ ಕೂಲಿಗೆ ಮರಳಿದಳೇ, ಮಕ್ಕಳು ಅವನಿಗೆ ಹೆದರುವುದು ನಿಂತಿತೇ ಎಂಬುದು ದಾಖಲಾಗಲಿ. ವೈಕಲ್ಯದ ಪಟ್ಟಿಗೆ ಮಿದುಳಿನ ಪೆಟ್ಟಿನ ಹೆಸರು ಸೇರಲಿ.

'ಜೀವ ಉಳೀತಲ್ಲ' ಎಂದು ಓಣಿಯವರು ಸಮಾಧಾನ ಹೇಳಬಹುದು. ಆ ಮಾತನ್ನು ಹೇಳಿ ಕೈತೊಳೆದುಕೊಳ್ಳುವ ಹಕ್ಕು ಸರ್ಕಾರಕ್ಕಿಲ್ಲ. ಉಳಿಸಿದವರೇ ಬದುಕಿಗೂ ದಾರಿ ಮಾಡಿಕೊಡಬೇಕು.