ಊರು ಬದಲಾದ ಮಾತ್ರಕ್ಕೆ ರುಚಿ ಕೆಡದು

ಬ್ರೂವರಿ ಊರು ಬಿಟ್ಟರೆ ಬಿಯರಿನ ರುಚಿಯೂ ಊರು ಬಿಟ್ಟಂತೆ ಎಂದು ಇತ್ತೀಚಿನ ಲೇಖನವೊಂದು ಕೊಟ್ಟ ತೀರ್ಪು ಆತುರದ್ದು. ಅದು ಮುಂದಿಡುವ ಸಾಕ್ಷಿ ಗೂಸ್ ಐಲ್ಯಾಂಡ್. 2011ರಲ್ಲಿ ಬೃಹತ್ ಬಿಯರ್ ಕಂಪನಿ ಆನ್‌ಹೈಸರ್-ಬುಷ್ ಈ ಷಿಕಾಗೊ ಬ್ರೂವರಿಯನ್ನು ಕೊಂಡಿತು. ಆ ನಗರದ ಟೆಲಿಫೋನ್ ಕೋಡನ್ನೇ ಹೆಸರಾಗಿಸಿಕೊಂಡ ‘312’ ಗೋಧಿ ಬಿಯರಿನ ತಯಾರಿಕೆ ನ್ಯೂಯಾರ್ಕ್ ರಾಜ್ಯದ ಬಾಲ್ಡ್‌ವಿನ್ಸ್‌ವಿಲ್‌ಗೆ ಹೋಯಿತು. ಅಭಿಮಾನಿಗಳ ಸಿಟ್ಟು ಅರ್ಥವಾಗುತ್ತದೆ, ಆದರೆ ಸಿಟ್ಟು ಪುರಾವೆಯಾಗದು. ನೀರಿನ ಮಾತು ಬಿಡಿ: ಲವಣ ತೆಗೆದು, ಬೇಕಾದಷ್ಟು ಜಿಪ್ಸಮ್ ಬೆರೆಸಿ ಯಾವ ಊರಿನ ನೀರನ್ನಾದರೂ ಹೊಂದಿಸುವುದು ಇಂದು ದಿನನಿತ್ಯದ ಕೆಲಸ. ನಿಜವಾದ ತೊಡಕಿರುವುದು ಟ್ಯಾಂಕಿನಲ್ಲಿ. ದೊಡ್ಡ ಬ್ರೂವರಿಗಳ ಎತ್ತರದ ಟ್ಯಾಂಕಿನ ತಳದಲ್ಲಿ ಒತ್ತಡ ಹೆಚ್ಚು, ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು. ಆಗ ಯೀಸ್ಟ್, ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳನ್ನು ಕಡಿಮೆ ಮಾಡುತ್ತದೆ. ಲೇಖಕರು ಇದನ್ನೆತ್ತಿದ್ದರೆ ವಾದಕ್ಕೆ ಬಲ ಬರುತ್ತಿತ್ತು. ಆದರೂ ಷಿಕಾಗೊದಲ್ಲೇ ಅಂಥ ಟ್ಯಾಂಕ್ ಕಟ್ಟಿದ್ದರೆ ಆಗುತ್ತಿದ್ದುದೂ ಅದೇ.

ಇನ್ನು, ಮೂಲ ಊರಿದ್ದರೆ ಸ್ಥಿರತೆ ಎನ್ನುವವರು ಗೂಸ್ ಐಲ್ಯಾಂಡಿನದೇ ‘ಬೋರ್ಬನ್ ಕೌಂಟಿ’ ಬಿಯರನ್ನು ಮರೆತದ್ದೇಕೆ? ಷಿಕಾಗೊ ಬಿಡದ ಆ ಸಾಲಿನ 2015ರ ಕೆಲವು ಬಾಟಲಿಗಳು ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಸೇರಿ ಹುಳಿಯಾದವು. ಕಂಪನಿ ಹಣ ಹಿಂದಿರುಗಿಸಬೇಕಾಯಿತು. ಹಾಗಾದರೆ ಷಿಕಾಗೊದ ಹೆಸರಿಟ್ಟು ಬೇರೆಡೆ ತಯಾರಿಸುವುದು ಮೋಸವಲ್ಲವೇ? ಊರನ್ನು ಮುಚ್ಚಿಟ್ಟರೆ ಖಂಡಿತ ಮೋಸವೇ. ಆದರೆ ಅದು ಪ್ರಾಮಾಣಿಕತೆಯ ತಕರಾರು, ರುಚಿಯ ಲೆಕ್ಕಕ್ಕೆ ಬರೆಯಬೇಡಿ. ತಯಾರಾದ ಊರು, ದಿನಾಂಕ ಎರಡನ್ನೂ ಕಂಪನಿಗಳು ದಪ್ಪಕ್ಷರದಲ್ಲಿ ಅಚ್ಚಿಸಲಿ. ರುಚಿ ಕೆಟ್ಟಿತೆನ್ನುವವರೂ ಬೇರೆ ಬೇರೆ ಊರಿನ, ಒಂದೇ ಸಮ ತಾಜಾ ಇರುವ ಎರಡು ಬಾಟಲಿಗಳನ್ನು ಲೇಬಲ್ ಮುಚ್ಚಿ ಕುಡಿದು ನೋಡಿ, ಆಮೇಲೆ ಬರೆಯಲಿ.